ಕವಾಸ್‌ಜಿ

ಕವಾಸ್‌ಜಿ 18ನೆಯ ಶತಮಾನದ ಕೊನೆಯ ಭಾಗದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಎತ್ತು ಹೊಡೆಯುವ ಕೆಲಸದಲ್ಲಿದ್ದ ಮರಾಠಾ ರೈತ. ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೈನ್ಯಕ್ಕೆ ಸೆರೆಸಿಕ್ಕ ಈತನು ತನ್ನ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. 1793ರಲ್ಲಿ ಪುಣೆಯ ಸಮೀಪ, ಇಟ್ಟಿಗೆ ಮಾಡುವ ಕುಲಕ್ಕೆ ಸೇರಿದ ಒಬ್ಬ ನಾಟಿ ಶಸ್ತ್ರವೈದ್ಯನು ಈತನ ಹಣೆಯ ಚರ್ಮದಿಂದಲೇ ಹೊಸ ಮೂಗನ್ನು ರಚಿಸಿದನು. ಈ ಚಿಕಿತ್ಸೆಯ ವಿವರವು 1794ರ ಅಕ್ಟೋಬರ್ ತಿಂಗಳಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಝೀನ್ ಪತ್ರಿಕೆಯಲ್ಲಿ ಚಿತ್ರಸಹಿತ ಪ್ರಕಟವಾಯಿತು. ಆಧುನಿಕ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಈ ವರದಿಯಿಂದಲೇ ಕಥೆಯನ್ನು ಆರಂಭಿಸುತ್ತಾರೆ. ಗಾಯದ ಅಂಚುಗಳನ್ನು ಒಂದು ಹೊಲಿಗೆಯನ್ನೂ ಹಾಕದೆ ಕೂಡಿಸಿದ್ದು, ಹಾಗಿದ್ದೂ ಕಲೆ ಅಷ್ಟಾಗಿ ಎದ್ದು ಕಾಣದಂತೆ ವಾಸಿಯಾದದ್ದು ಈ ಪ್ರಕರಣದ ವಿಶೇಷ.

ಹಿನ್ನೆಲೆ

ಕವಾಸ್‌ಜಿ ಎಂಬ ಹೆಸರು ಪಾರಸಿಗಳಲ್ಲಿ ಹೆಚ್ಚಾಗಿ ಕೇಳಿಬರುವುದಾದರೂ ಸಮಕಾಲೀನ ವರದಿಯು ಈತನನ್ನು ಒಕ್ಕಲುತನದ ಜಾತಿಗೆ ಸೇರಿದ ಮರಾಠನೆಂದೇ ಗುರುತಿಸುತ್ತದೆ. ಇಂಗ್ಲಿಷರ ಸೈನ್ಯದೊಡನೆ ಎತ್ತುಗಳನ್ನು ಹೊಡೆದುಕೊಂಡು ಬರುವುದು ಈತನ ಕೆಲಸವಾಗಿತ್ತು.

ಅಂದಿನ ಯುದ್ಧಗಳಲ್ಲಿ ಎತ್ತುಗಾರನ ಪಾತ್ರ ಚಿಕ್ಕದಾಗಿರಲಿಲ್ಲ. ಫಿರಂಗಿ, ಮದ್ದುಗುಂಡು, ಅಕ್ಕಿ, ಡೇರೆ ಎಲ್ಲವೂ ಎತ್ತುಗಳ ಹೆಗಲ ಮೇಲೆಯೇ ಸಾಗಬೇಕಿತ್ತು. ಮೈಸೂರಿನ ಸೈನ್ಯ ವೇಗವಾಗಿ ಚಲಿಸುತ್ತಿದ್ದುದಕ್ಕೆ ಅಮೃತಮಹಲ್ ತಳಿಯ ಎತ್ತುಗಳು ಒಂದು ಮುಖ್ಯ ಕಾರಣ. ಇಂದಿನ ಹಾಸನ, ಚಿಕ್ಕಮಗಳೂರು, ತುಮಕೂರು ಜಿಲ್ಲೆಗಳ ಕಾವಲುಗಳಲ್ಲಿ ಮೇಯುತ್ತಿದ್ದ ಈ ದನಗಳನ್ನು ಸರ್ಕಾರವೇ ಸಾಕುತ್ತಿತ್ತು. ಕಂಪನಿಯ ಕಡೆಯ ಸ್ಥಿತಿ ಇದಕ್ಕೆ ತದ್ವಿರುದ್ಧ. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದವರೆಗೆ ಬಂದಿದ್ದ ಲಾರ್ಡ್ ಕಾರ್ನ್‌ವಾಲಿಸನು, ಎತ್ತುಗಳು ಸತ್ತುಹೋಗಿ ಮೇವೂ ಆಹಾರವೂ ಸಿಗದೆ, ಕೋಟೆ ಒಡೆಯಲು ತಂದಿದ್ದ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. ಇಂತಹ ಯುದ್ಧದಲ್ಲಿ ಎದುರಾಳಿಯ ಸಾಮಾನು ಸಾಗಿಸುವವರನ್ನು ಹಿಡಿಯುವುದು, ಹೆದರಿಸುವುದು ರಣತಂತ್ರದ ಭಾಗವೇ ಆಗಿತ್ತು. ಶಸ್ತ್ರ ಹಿಡಿಯದ ಕವಾಸ್‌ಜಿಯಂಥವರು ಸೈನಿಕರಷ್ಟೇ ಅಪಾಯಕ್ಕೆ ಒಳಗಾಗಿದ್ದರು.

ಸೆರೆ ಮತ್ತು ಅಂಗಚ್ಛೇದ

ಸೆರೆಸಿಕ್ಕ ಕವಾಸ್‌ಜಿಯ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಡಲಾಯಿತು. ಅದೇ ಸ್ಥಿತಿಯಲ್ಲಿ ಆತನು ಶ್ರೀರಂಗಪಟ್ಟಣದ ಸಮೀಪ ಬೀಡುಬಿಟ್ಟಿದ್ದ ಬೊಂಬಾಯಿ ಸೈನ್ಯವನ್ನು ಸೇರಿಕೊಂಡನು. ರಾಬರ್ಟ್ ಅಬರ್‌ಕ್ರಾಂಬಿಯ ನೇತೃತ್ವದ ಈ ಸೈನ್ಯವು ಮಲಬಾರ್ ಕರಾವಳಿಯಿಂದ ಕೊಡಗಿನ ಘಟ್ಟ ಹತ್ತಿ ಬಂದು 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನ ಸೈನ್ಯದೊಡನೆ ಕೂಡಿಕೊಂಡಿತ್ತು. ಮಾರ್ಚ್ ತಿಂಗಳಲ್ಲಿ ಆದ ಒಪ್ಪಂದದಂತೆ ಟಿಪ್ಪು ತನ್ನ ರಾಜ್ಯದ ಅರ್ಧ ಭಾಗವನ್ನು ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟನು. ಯುದ್ಧ ಮುಗಿಯಿತು. ಕವಾಸ್‌ಜಿಗೆ ಕಂಪನಿಯಿಂದ ನಿವೃತ್ತಿವೇತನ ದೊರೆಯಿತು.

ಮೂಗು ಕೊಯ್ಯುವ ಶಿಕ್ಷೆ ಟಿಪ್ಪುವಿನ ಕಾಲದ್ದೂ ಅಲ್ಲ, ಒಂದು ಅರಸುಮನೆಗೆ ಸೀಮಿತವಾದದ್ದೂ ಅಲ್ಲ. 17ನೆಯ ಶತಮಾನದ ಮಧ್ಯಭಾಗದಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರಿಗೂ ಮಧುರೆಯ ತಿರುಮಲ ನಾಯಕನಿಗೂ ನಡೆದ ಕಾಳಗವನ್ನು ಇತಿಹಾಸಕಾರರು ಮೂಗಿನ ಯುದ್ಧವೆಂದೇ ಕರೆಯುತ್ತಾರೆ. ಎರಡೂ ಕಡೆಯವರು ಸಿಕ್ಕವರ ಮೂಗನ್ನು ಕೊಯ್ದುದನ್ನು ಅಂದಿನ ಜೆಸ್ಯೂಟ್ ಪಾದ್ರಿಗಳ ಪತ್ರಗಳು ದಾಖಲಿಸಿವೆ. ಉತ್ತರ ಭಾರತದಲ್ಲೂ ನೇಪಾಳದಲ್ಲೂ ಈ ಪದ್ಧತಿ ಇತ್ತು. ಕಳ್ಳತನ, ವ್ಯಭಿಚಾರದಂತಹ ಆರೋಪಗಳಿಗೂ ಇದೇ ಶಿಕ್ಷೆ. ಪ್ರಾಣ ಉಳಿಸಿ ಮಾನ ಕಳೆಯುವುದೇ ಇದರ ಉದ್ದೇಶವಾಗಿದ್ದುದರಿಂದ, ಮೂಗನ್ನು ಮರಳಿ ಕಟ್ಟುವ ವಿದ್ಯೆಯೂ ಇದೇ ನಾಡಿನಲ್ಲಿ ಬೆಳೆದದ್ದು ಆಶ್ಚರ್ಯವಲ್ಲ. ಕವಾಸ್‌ಜಿಗೆ ಹೊಸ ಮೂಗು ಬೇಕಾಗಿದ್ದುದು ಅಂದಕ್ಕಾಗಿ ಎನ್ನುವುದಕ್ಕಿಂತ ಊರಿನಲ್ಲಿ ಮುಖವೆತ್ತಿ ನಡೆಯುವುದಕ್ಕಾಗಿ. ಆದ್ದರಿಂದ ಮೂಗು ಅಂಟಿದರಷ್ಟೇ ಸಾಲದು, ಅದು ಅಂಟಿಸಿದ್ದೆಂದು ದೂರದಿಂದ ತಿಳಿಯಲೂ ಬಾರದು. ಕಲೆಯ ಪ್ರಶ್ನೆ ಇಲ್ಲಿ ಚಿಕಿತ್ಸೆಯ ತಿರುಳೇ ಆಗಿತ್ತು.

ಪುಣೆಯ ಚಿಕಿತ್ಸೆ

ಹನ್ನೆರಡು ತಿಂಗಳಿಗೂ ಹೆಚ್ಚು ಕಾಲ ಕವಾಸ್‌ಜಿ ಮೂಗಿಲ್ಲದೆಯೇ ಇದ್ದನು. ಆನಂತರ ಪುಣೆಯ ಸಮೀಪ ಚಿಕಿತ್ಸೆ ನಡೆಯಿತು. ಬೊಂಬಾಯಿ ಪ್ರಾಂತ್ಯದ ವೈದ್ಯರಾದ ಥಾಮಸ್ ಕ್ರೂಸೋ ಮತ್ತು ಜೇಮ್ಸ್ ಫಿಂಡ್ಲೆ ಇದನ್ನು ಕಣ್ಣಾರೆ ಕಂಡರು. ಶಸ್ತ್ರವೈದ್ಯನ ಹೆಸರನ್ನು ವರದಿ ಬರೆದವರು ಬರೆದಿಡಲಿಲ್ಲ. ಆತನ ಕುಲವನ್ನು ಮಾತ್ರ ದಾಖಲಿಸಿದರು. ಇಡೀ ಪ್ರಕರಣದಲ್ಲಿ ಅತ್ಯಂತ ನೋವಿನ ಲೋಪವೆಂದರೆ ಇದೇ.

ವೈದ್ಯನು ಮೊದಲು ತೆಳುವಾದ ಮೇಣದ ತಗಡನ್ನು ಮೂಗಿನ ಮೋಟಿನ ಮೇಲಿಟ್ಟು, ಒಳ್ಳೆಯ ಮೂಗಿನ ಆಕಾರ ಬರುವಂತೆ ಒತ್ತಿದನು. ಬಳಿಕ ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲೆ ಹರಡಿ, ಸುತ್ತಲೂ ಗೆರೆ ಎಳೆದನು. ದರ್ಜಿಯು ಬಟ್ಟೆ ಕತ್ತರಿಸುವ ಮುನ್ನ ಅಳತೆಯ ಕಾಗದ ಇಡುವಂತೆಯೇ ಇದು. ಗೆರೆಯ ಒಳಗಿನಷ್ಟು ಚರ್ಮವನ್ನು ಬಿಡಿಸಿ ಎತ್ತಿದನು. ಆದರೆ ಎರಡು ಕಣ್ಣುಗಳ ನಡುವೆ ಒಂದು ಕಿರಿದಾದ ಪಟ್ಟಿಯನ್ನು ಕತ್ತರಿಸದೆ ಉಳಿಸಿದನು. ಬಿಡಿಸಿದ ಚರ್ಮಕ್ಕೆ ಹೊಸ ಜಾಗದಲ್ಲಿ ರಕ್ತಸಂಚಾರ ಕೂಡಿಕೊಳ್ಳುವವರೆಗೆ ಈ ಪಟ್ಟಿಯ ಮೂಲಕವೇ ರಕ್ತ ಹರಿಯಬೇಕಿತ್ತು.

ಅನಂತರ ಮೋಟು ಮೂಗಿನ ಮೇಲೆ ಒಣಗಿ ಗಟ್ಟಿಯಾಗಿದ್ದ ಹಳೆಯ ಕಲೆಯನ್ನು ಹೆರೆದು ತೆಗೆದನು. ಅದರ ಹಿಂಬದಿಯಲ್ಲಿ, ಮೂಗಿನ ಹೊಳ್ಳೆಗಳು ಇರಬೇಕಾದ ಎರಡೂ ಪಕ್ಕಗಳಲ್ಲಿಯೂ ಮೇಲ್ದುಟಿಯ ಮೇಲ್ಭಾಗದಲ್ಲಿಯೂ ಚರ್ಮವನ್ನು ಸೀಳಿದನು. ಹಣೆಯ ಚರ್ಮವನ್ನು ಅರ್ಧಸುತ್ತು ತಿರುಗಿಸಿ ಕೆಳಕ್ಕೆ ತಂದು, ಅದರ ಅಂಚನ್ನು ಈ ಸೀಳಿನೊಳಗೆ ತೂರಿಸಿದನು. ಹೀಗೆ ಹೊಸ ಮೂಗಿನ ಅಂಚು ಎರಡು ಕಡೆಯಿಂದಲೂ ಚರ್ಮದ ಹಿಡಿತದಲ್ಲಿ ಕುಳಿತಿತು.

ಬಳಿಕ ಕಾಚನ್ನು ನೀರಿನಲ್ಲಿ ಕಲಸಿ ಬಟ್ಟೆಯ ಪಟ್ಟಿಗಳಿಗೆ ಬಳಿದು, ಅಂತಹ ಐದಾರು ಪಟ್ಟಿಗಳನ್ನು ಒಂದರ ಮೇಲೊಂದರಂತೆ ಜೋಡಿಸಿದ ಜಾಗಕ್ಕೆ ಅಂಟಿಸಲಾಯಿತು. ನಾಲ್ಕು ದಿನ ಬೇರೆ ಯಾವ ಕಟ್ಟೂ ಇರಲಿಲ್ಲ. ಆಮೇಲೆ ಕಾಚಿನ ಪಟ್ಟಿಗಳನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆಯನ್ನು ಇಟ್ಟರು. ಐದಾರು ದಿನಗಳವರೆಗೆ ರೋಗಿಯು ಅಂಗಾತ ಮಲಗಿರಬೇಕು. ಹತ್ತನೆಯ ದಿನ ಹೊಳ್ಳೆಗಳು ಮುಚ್ಚಿಹೋಗದಂತೆ ಮೆತ್ತನೆಯ ಬಟ್ಟೆಯ ತುಂಡುಗಳನ್ನು ಒಳಗಿಡುತ್ತಿದ್ದರು. ಸುಮಾರು 25ನೆಯ ದಿನ ಕಣ್ಣುಗಳ ನಡುವಿನ ಪಟ್ಟಿಯನ್ನು ಕತ್ತರಿಸಿ ಮೂಗನ್ನು ಹಣೆಯಿಂದ ಬಿಡಿಸಲಾಗುತ್ತಿತ್ತು. ಹೊಸ ಮೂಗು ಸಹಜ ಮೂಗಿನಂತೆಯೇ ಭದ್ರವಾಗಿತ್ತೆಂದೂ, ಹಣೆಯ ಮೇಲಿನ ಕಲೆಯೂ ಕಾಲಕ್ರಮೇಣ ಹೆಚ್ಚಾಗಿ ಕಾಣಿಸುವುದಿಲ್ಲವೆಂದೂ ವರದಿ ತಿಳಿಸುತ್ತದೆ.

ಹೊಲಿಗೆ ಮತ್ತು ಕಲೆ

ಗಾಯದ ಅಂಚನ್ನು ಹಿಡಿದಿಡಲು ಹೊಲಿಗೆ ಬೇಕೇಬೇಕೆಂಬುದು ಸಾಮಾನ್ಯ ಭಾವನೆ. ಪುಣೆಯ ವೈದ್ಯನು ದಾರವನ್ನು ಕೈಬಿಟ್ಟದ್ದು ತಿಳಿಯದೆ ಮಾಡಿದ ಕೆಲಸವೆಂದು ಹೇಳಲಾಗದು. ಹೊಲಿಗೆಯು ಗಾಯವನ್ನು ಮುಚ್ಚುವುದರ ಜೊತೆಗೆ ತಾನೂ ಗಾಯ ಮಾಡುತ್ತದೆ. ಸೂಜಿ ತೂರಿದ ಪ್ರತಿ ತೂತಿನಲ್ಲಿಯೂ ದಾರವನ್ನು ಹಿಂಬಾಲಿಸಿ ಚರ್ಮದ ಮೇಲ್ಪದರ ಒಳಕ್ಕೆ ಬೆಳೆಯತೊಡಗುತ್ತದೆ. ದಾರ ಒಂದು ವಾರಕ್ಕಿಂತ ಹೆಚ್ಚು ದಿನ ಉಳಿದರೆ, ಬಿಗಿಯಾಗಿ ಎಳೆದು ಗಂಟು ಹಾಕಿದ್ದರೆ, ಗಾಯದ ಗೆರೆಗೆ ಅಡ್ಡಲಾಗಿ ಏಣಿಯ ಮೆಟ್ಟಿಲುಗಳಂತೆ ಗುರುತುಗಳು ಶಾಶ್ವತವಾಗಿ ನಿಲ್ಲುತ್ತವೆ. ಇಂದು ಮುಖದ ಹೊಲಿಗೆಗಳನ್ನು ಸಾಮಾನ್ಯವಾಗಿ ಐದರಿಂದ ಏಳು ದಿನಗಳಲ್ಲಿ ಬಿಚ್ಚುವುದೂ, ಕೂದಲೆಳೆಯಷ್ಟು ತೆಳುವಾದ ಒಂಟಿ ಎಳೆಯ ನೈಲಾನ್ ಅಥವಾ ಪಾಲಿಪ್ರೊಪಿಲೀನ್ ದಾರವನ್ನು ಬಳಸುವುದೂ, ಎಳೆತವನ್ನು ಹೊರಲು ಚರ್ಮದ ಒಳಪದರದಲ್ಲಿ ಕರಗುವ ದಾರ ಹಾಕುವುದೂ ಈ ಕಾರಣಕ್ಕಾಗಿಯೇ. ಕವಾಸ್‌ಜಿಯ ಕಾಲದಲ್ಲಿ ಇವು ಯಾವುವೂ ಇರಲಿಲ್ಲ. ಜೋಸೆಫ್ ಲಿಸ್ಟರನು ಕಾರ್ಬಾಲಿಕ್ ಆಮ್ಲದಿಂದ ಗಾಯವನ್ನು ನಂಜಿನಿಂದ ಕಾಪಾಡುವ ಕ್ರಮವನ್ನು ಪ್ರಕಟಿಸಿದ್ದು 1867ರಲ್ಲಿ. ಅದಕ್ಕೂ ಹಿಂದಿನ ಹತ್ತಿ, ನಾರು, ರೇಷ್ಮೆಯ ದಪ್ಪ ದಾರ ಕೀವಿಗೆ ದಾರಿ ಮಾಡಿಕೊಡುತ್ತಿತ್ತು. ಕೀವು ಕಟ್ಟಿದ ಗಾಯ ಅಗಲವಾಗಿ, ಉಬ್ಬಾಗಿ ಮಾಯುತ್ತಿತ್ತು.

ದಾರ ಬೇಡವೆಂದ ಮೇಲೆ ಅಂಚನ್ನು ಹಿಡಿದಿಡಲು ಬೇರೊಂದು ಉಪಾಯ ಬೇಕು. ಸೀಳಿನೊಳಗೆ ತೂರಿಸಿದ ಅಂಚು ತಾನಾಗಿಯೇ ನಿಲ್ಲುತ್ತದೆ, ಎಳೆತ ಬೀಳುವುದಿಲ್ಲ. ಅಗತ್ಯಕ್ಕೆ ತಕ್ಕಷ್ಟು ಅಳೆದು ತೆಗೆದ ಚರ್ಮವಾದ್ದರಿಂದ ಜಗ್ಗುವ ಪ್ರಸಂಗವೇ ಬರುವುದಿಲ್ಲ. ಇನ್ನು ಕಾಚು. ಕಗ್ಗಲಿ ಮರದ ಚೇಗನ್ನು ಕುದಿಸಿ ತೆಗೆಯುವ ಈ ರಸ ನಮ್ಮಲ್ಲಿ ಎಲೆಯಡಿಕೆಯ ಜೊತೆಗೆ ಪರಿಚಿತ. ಇದರಲ್ಲಿ ಟ್ಯಾನಿನ್ ಅಂಶ ಹೇರಳವಾಗಿದ್ದು, ಒಣಗಿದಾಗ ಗಟ್ಟಿಯಾಗಿ ಬಟ್ಟೆಯನ್ನು ಚರ್ಮಕ್ಕೆ ಹಿಡಿಸುತ್ತದೆ; ಅದರ ಒಗರು ಗುಣ ರಕ್ತ ಒಸರುವುದನ್ನೂ ತಡೆಯುತ್ತದೆ. ಇಂದಿನ ಶಸ್ತ್ರವೈದ್ಯರು ಕೆಲವು ಗಾಯಗಳಿಗೆ ಹೊಲಿಗೆಯ ಬದಲು ಬಳಸುವ ಅಂಟುಪಟ್ಟಿ ಮತ್ತು ಸಯನೋಆಕ್ರಿಲೇಟ್ ಅಂಟು ಮಾಡುವ ಕೆಲಸವೂ ಬಹುಮಟ್ಟಿಗೆ ಇದೇ. ನಾಲ್ಕನೆಯ ದಿನಕ್ಕೆ ಪಟ್ಟಿ ತೆಗೆದು ತುಪ್ಪಕ್ಕೆ ಬದಲಾಯಿಸಿದ್ದೂ ಗಮನಿಸತಕ್ಕದ್ದು. ಒಣಗಿ ಹಕ್ಕಳೆ ಕಟ್ಟಿದ ಗಾಯಕ್ಕಿಂತ ಪಸೆಯುಳ್ಳ ಗಾಯದ ಮೇಲೆ ಹೊಸ ಚರ್ಮ ಬೇಗ ಹರಡುತ್ತದೆ ಎಂಬುದನ್ನು 20ನೆಯ ಶತಮಾನದ ಪ್ರಯೋಗಗಳು ತೋರಿಸಿಕೊಟ್ಟವು.

ಗಾಯ ಹೊಲಿಯುವ ಶಾಸ್ತ್ರ ಭಾರತಕ್ಕೆ ಹೊಸದಾಗಿರಲಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನವು ವೇಲ್ಲಿತಕ, ಗೋಫಣಿಕಾ, ತುನ್ನಸೇವನೀ, ಋಜುಗ್ರಂಥಿ ಎಂಬ ನಾಲ್ಕು ಬಗೆಯ ಹೊಲಿಗೆಗಳನ್ನು ಹೇಳುತ್ತದೆ. ಸುತ್ತಿಕೊಂಡು ಸಾಗುವುದು ಮೊದಲನೆಯದು. ಬಟ್ಟೆಗೆ ರಫೂ ಹಾಕುವಂತಹುದು ತುನ್ನಸೇವನೀ. ಬಿಡಿಬಿಡಿಯಾಗಿ ನೇರ ಗಂಟು ಹಾಕುವುದು ಋಜುಗ್ರಂಥಿ. ಮಾಂಸ ಕಡಿಮೆಯಿರುವ ಜಾಗಕ್ಕೂ ಸಂಧಿಗಳಿಗೂ ಎರಡು ಅಂಗುಲದ ದುಂಡು ಸೂಜಿ, ಮಾಂಸಲವಾದ ಜಾಗಕ್ಕೆ ಮೂರು ಅಂಗುಲದ ಮುಮ್ಮೂಲೆ ಸೂಜಿ, ಮರ್ಮಸ್ಥಾನ ಮತ್ತು ಹೊಟ್ಟೆಗೆ ಬಿಲ್ಲಿನಂತೆ ಬಾಗಿದ ಸೂಜಿ ಎಂಬ ವಿಂಗಡಣೆಯೂ ಇದೆ. ಹೊಲಿಗೆಗಳು ತೀರ ದೂರವಾಗಲಿ ತೀರ ಹತ್ತಿರವಾಗಲಿ ಇರಬಾರದೆಂದು ಗ್ರಂಥವು ಎಚ್ಚರಿಸುತ್ತದೆ. ಹುಬ್ಬು, ಕೆನ್ನೆ, ಹಣೆ, ರೆಪ್ಪೆ, ತುಟಿಗಳಲ್ಲಿ ಶಸ್ತ್ರವನ್ನು ಅಡ್ಡಲಾಗಿ ಹಾಯಿಸಬೇಕೆಂಬ ಸೂಚನೆ ಇನ್ನೂ ಕುತೂಹಲಕರ: ಚರ್ಮದ ಸುಕ್ಕಿನ ಗೆರೆಗಳಿಗೆ ಅನುಗುಣವಾಗಿ ಕೊಯ್ದರೆ ಕಲೆ ಅಡಗುತ್ತದೆ ಎಂಬ ಇಂದಿನ ತತ್ತ್ವಕ್ಕೆ ಇದು ಬಹಳ ಸಮೀಪವಾಗಿದೆ. ಚರ್ಮದ ಎಳೆತದ ಗೆರೆಗಳನ್ನು ವಿಯೆನ್ನಾದ ಕಾರ್ಲ್ ಲ್ಯಾಂಗರ್ 1861ರಲ್ಲಷ್ಟೇ ನಕ್ಷೆಮಾಡಿ ತೋರಿಸಿದನು. ಗಂಟಿಲ್ಲದೆ, ಊತವಿಲ್ಲದೆ, ನೋವಿಲ್ಲದೆ, ಸುತ್ತಲಿನ ಚರ್ಮದ ಬಣ್ಣವನ್ನೇ ಹೊಂದಿ ಸಮತಟ್ಟಾಗಿರುವ ಗಾಯವೇ ಚೆನ್ನಾಗಿ ಮಾಯ್ದ ಗಾಯ ಎಂಬುದು ಸುಶ್ರುತನ ಲಕ್ಷಣ. ಕಲೆಯ ಬಣ್ಣವನ್ನು ಕಪ್ಪಾಗಿಸುವ, ಬಿಳುಪಾಗಿಸುವ, ಅದರ ಮೇಲೆ ರೋಮ ಬೆಳೆಸುವ ಉಪಚಾರಗಳನ್ನೂ ಆತನು ಹೇಳಿದ್ದಾನೆ. ಹಾಸನದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜು ಸೇರಿದಂತೆ ರಾಜ್ಯದ ಆಯುರ್ವೇದ ಕಾಲೇಜುಗಳಲ್ಲಿ ಶಲ್ಯತಂತ್ರದ ವಿದ್ಯಾರ್ಥಿಗಳಿಗೆ ಇವು ಇಂದಿಗೂ ಪಠ್ಯ.

ಆದರೆ ಪುಣೆಯ ವೈದ್ಯನನ್ನು ಸುಶ್ರುತನ ನೇರ ಶಿಷ್ಯನೆಂದು ಭಾವಿಸುವುದು ಸರಿಯಲ್ಲ. ಸಂಹಿತೆಯು ಮೂಗಿಗೆ ಕೆನ್ನೆಯ ಚರ್ಮವನ್ನು, ಅಳತೆಗೆ ಎಲೆಯನ್ನು ಹೇಳುತ್ತದೆ. ಪುಣೆಯಲ್ಲಿ ಬಳಕೆಯಾದದ್ದು ಹಣೆಯ ಚರ್ಮ ಮತ್ತು ಮೇಣ. ಕೆನ್ನೆಯಿಂದ ಹಣೆಗೆ ಬದಲಾದದ್ದು ಕುಲಕಸುಬಿನಂತೆ ಈ ವಿದ್ಯೆಯನ್ನು ಉಳಿಸಿಕೊಂಡು ಬಂದವರ ಸ್ವಂತ ಅನುಭವದ ಫಲವೆಂದೇ ತೋರುತ್ತದೆ. ಹಣೆಯ ಚರ್ಮ ಬಣ್ಣದಲ್ಲಿಯೂ ದಪ್ಪದಲ್ಲಿಯೂ ಮೂಗಿನ ಚರ್ಮಕ್ಕೆ ಬಹಳ ಹತ್ತಿರ. ಹುಬ್ಬುಗಳ ನಡುವಿನಿಂದ ಮೇಲೇರುವ ರಕ್ತನಾಳಗಳು ಅದನ್ನು ಪೋಷಿಸುತ್ತವೆ. ಉಬ್ಬುಕಲೆಯ ಕಾಟ ಎದೆ, ಭುಜ, ಕಿವಿಯ ಹಾಲೆಗಳಲ್ಲಿ ಇರುವಷ್ಟು ಹಣೆಯ ನಡುವೆ ಇಲ್ಲ. ಇಂದಿಗೂ ಹಣೆಯ ಮೇಲ್ಭಾಗದಲ್ಲಿ ಮುಚ್ಚಲಾಗದಷ್ಟು ಅಗಲವಾಗಿ ಉಳಿದ ಗಾಯವನ್ನು ಬಲವಂತವಾಗಿ ಎಳೆದು ಹೊಲಿಯದೆ, ತಾನಾಗಿಯೇ ಮಾಯಲು ಬಿಡುವುದುಂಟು. ಎಳೆದು ಹೊಲಿದ ಗೆರೆಗಿಂತ ಹಾಗೆ ಮಾಯ್ದ ಕಲೆಯೇ ಎಷ್ಟೋ ವೇಳೆ ಮೇಲು.

ಚಿತ್ರ ಮತ್ತು ಪ್ರಕಟಣೆ

ಚಿಕಿತ್ಸೆಯಾದ ಹತ್ತು ತಿಂಗಳ ಬಳಿಕ, 1794ರ ಜನವರಿಯಲ್ಲಿ, ಸ್ಕಾಟ್ಲೆಂಡಿನ ಚಿತ್ರಕಾರ ಜೇಮ್ಸ್ ವೇಲ್ಸ್ ಕವಾಸ್‌ಜಿಯ ಭಾವಚಿತ್ರವನ್ನು ಬರೆದನು. ಕಲೆಯೊಂದು ಕೆಂಪು ಕಳೆದು, ಮೆತ್ತಗಾಗಿ, ತನ್ನ ಕೊನೆಯ ರೂಪಕ್ಕೆ ಬರಲು ಸುಮಾರು ಒಂದು ವರ್ಷ ಬೇಕಾಗುತ್ತದೆ. ಆದ್ದರಿಂದ ಈ ಚಿತ್ರವು ಫಲಿತಾಂಶದ ನಂಬತಕ್ಕ ದಾಖಲೆಯೆನ್ನಬಹುದು. ವಿಲಿಯಂ ನಟ್ಟರ್ ಕೆತ್ತಿದ ಅದರ ಅಚ್ಚು 1795ರ ಜನವರಿ 1ರಂದು ಲಂಡನ್ನಿನಲ್ಲಿ ಹೊರಬಂದಿತು.

ಜಂಟಲ್‌ಮನ್ಸ್ ಮ್ಯಾಗಝೀನ್ ವೈದ್ಯಕೀಯ ಪತ್ರಿಕೆಯಾಗಿರಲಿಲ್ಲ. ವಿದ್ಯಾವಂತರು ಬಿಡುವಿನ ವೇಳೆಯಲ್ಲಿ ಓದುವ ಮಾಸಿಕವಾಗಿತ್ತು. ಟಿಪ್ಪುವಿನ ಕ್ರೌರ್ಯದ ಕಥೆಗಳಿಗೆ ಅಂದಿನ ಇಂಗ್ಲೆಂಡಿನಲ್ಲಿ ದೊಡ್ಡ ಓದುಗಬಳಗವಿತ್ತು. ಕವಾಸ್‌ಜಿಯ ಮುಖವು ಅಲ್ಲಿಗೆ ತಲುಪುವುದಕ್ಕೆ ಆ ರಾಜಕೀಯ ಕುತೂಹಲವೂ ಕಾರಣವೆಂಬುದನ್ನು ಮರೆಯುವಂತಿಲ್ಲ.

ಯುರೋಪಿನ ಮೇಲೆ ಪ್ರಭಾವ

ಯುರೋಪಿನಲ್ಲಿ ಮೂಗಿನ ರಚನೆ ಹಿಂದೆ ನಡೆದದ್ದುಂಟು. ಬೊಲೋನ್ಯದ ಗಾಸ್ಪರೆ ತಾಲ್ಯಕೋತ್ಸಿ 1597ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋಳಿನ ಚರ್ಮವನ್ನು ಬಳಸುವ ಕ್ರಮವಿತ್ತು. ರೋಗಿಯ ತೋಳನ್ನು ವಾರಗಟ್ಟಲೆ ತಲೆಗೆ ಕಟ್ಟಿಡಬೇಕಾಗಿದ್ದ ಆ ವಿಧಾನ ಕಾಲಾಂತರದಲ್ಲಿ ಮರೆಯಾಗಿತ್ತು.

ಪುಣೆಯ ವರದಿಯನ್ನು ಓದಿದ ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ ಶವಗಳ ಮೇಲೆ ಹಲವು ವರ್ಷ ಅಭ್ಯಾಸ ಮಾಡಿ, 1814ರ ಅಕ್ಟೋಬರ್ 23ರಂದು ಚೆಲ್ಸಿಯ ಡ್ಯೂಕ್ ಆಫ್ ಯಾರ್ಕ್ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಹಣೆಯ ಚರ್ಮದಿಂದ ಮೂಗು ರಚಿಸಿದನು. ಅರಿವಳಿಕೆ ಇನ್ನೂ ಬಂದಿರದ ಕಾಲವದು. ಕಾಚಿನ ಬದಲು ಆತನು ಬಳಸಿದ್ದು ದಾರದ ಹೊಲಿಗೆ ಮತ್ತು ಅಂಟುಪಟ್ಟಿ. ಆತನ ಎರಡನೆಯ ರೋಗಿ ಕ್ಯಾಪ್ಟನ್ ಲೇಥಮ್. 1811ರ ಅಲ್ಬುಯೆರಾ ಕಾಳಗದಲ್ಲಿ ತನ್ನ ಪಡೆಯ ಧ್ವಜವನ್ನು ಉಳಿಸುವಾಗ ಒಂದು ತೋಳನ್ನೂ ಮೂಗನ್ನೂ ಕಳೆದುಕೊಂಡವನು. ಶ್ರೀರಂಗಪಟ್ಟಣದ ಎತ್ತುಗಾರನಿಗೂ ಸ್ಪೇನಿನ ರಣರಂಗದ ಅಧಿಕಾರಿಗೂ ಆದ ಗಾಯ ಒಂದೇ ಬಗೆಯದು. ದೊರೆತ ಪರಿಹಾರವೂ ಒಂದೇ. 1816ರಲ್ಲಿ ಕಾರ್ಪ್ಯೂ ಈ ಎರಡು ಪ್ರಕರಣಗಳನ್ನು ಪುಸ್ತಕವಾಗಿ ಪ್ರಕಟಿಸಿದನು. ಬರ್ಲಿನ್ನಿನ ಕಾರ್ಲ್ ಫರ್ಡಿನಾಂಡ್ ಫಾನ್ ಗ್ರೇಫೆ 1818ರಲ್ಲಿ ಬರೆದ ಗ್ರಂಥವು ಈ ವಿದ್ಯೆಯನ್ನು ಜರ್ಮನಿಗೂ ಅಲ್ಲಿಂದ ಇತರ ದೇಶಗಳಿಗೂ ಒಯ್ದಿತು. ಹಣೆಯ ಚರ್ಮ ಬಳಸುವ ಈ ಕ್ರಮಕ್ಕೆ ಭಾರತೀಯ ವಿಧಾನ ಎಂಬ ಹೆಸರು ನಿಂತಿತು.

ಮುಂದಿನ ಬೆಳವಣಿಗೆ

ಕವಾಸ್‌ಜಿಯ ಮೂಗಿನಲ್ಲಿ ಒಂದು ಕೊರತೆಯಿತ್ತು. ಹೊರಗಿನ ಚರ್ಮಕ್ಕೆ ಒಳಗಿನಿಂದ ಅಸ್ತರಿ ಇರಲಿಲ್ಲ. ಇಂತಹ ಮೂಗಿನ ಒಳಮೈ ಹಸಿಗಾಯವಾಗಿಯೇ ಉಳಿದು, ಮಾಯುವಾಗ ಕುಗ್ಗುತ್ತದೆ, ಹೊಳ್ಳೆಗಳು ಕಿರಿದಾಗುತ್ತವೆ. ಹತ್ತನೆಯ ದಿನ ಬಟ್ಟೆ ತುರುಕುತ್ತಿದ್ದುದು ಇದನ್ನು ತಡೆಯಲೆಂದೇ. ಇಂದೂರಿನಲ್ಲಿದ್ದ ಶಸ್ತ್ರವೈದ್ಯ ಕೀಗನ್ 19ನೆಯ ಶತಮಾನದ ಕೊನೆಯಲ್ಲಿ ಮೂಗಿನ ಮೋಟಿನ ಚರ್ಮವನ್ನೇ ಒಳಮುಖವಾಗಿ ಮಡಚಿ ಅಸ್ತರಿಯಾಗಿಸುವ ಮಾರ್ಗವನ್ನು ಬಳಕೆಗೆ ತಂದನು. ಜುನಾಗಢದ ತ್ರಿಭುವನದಾಸ ಮೋತಿಚಂದ್ ಶಾ 1889ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅಂತಹ ನೂರಕ್ಕೂ ಹೆಚ್ಚು ರೋಗಿಗಳ ವಿವರವಿದೆ; ಅವರಲ್ಲಿ ಹಲವರು ಡಕಾಯಿತರಿಂದ ಮೂಗು ಕಳೆದುಕೊಂಡವರು. ಹಿಮಾಚಲದ ಕಾಂಗ್ಡಾದಲ್ಲಿ ಮೂಗು ಕಟ್ಟುವ ಕಸುಬಿನ ಕುಟುಂಬವೊಂದು 20ನೆಯ ಶತಮಾನದವರೆಗೂ ಇತ್ತು.

ಇಂದು ಚರ್ಮದ ಕ್ಯಾನ್ಸರ್, ಅಪಘಾತ ಅಥವಾ ಕಡಿತದಿಂದ ಮೂಗು ಕಳೆದುಕೊಂಡವರಿಗೆ ಹಣೆಯ ಒಂದು ಪಕ್ಕದ ಚರ್ಮವನ್ನು ಬಳಸುವ ಚಿಕಿತ್ಸೆ ಪ್ರಚಲಿತದಲ್ಲಿದೆ. ಒಳಗೆ ಅಸ್ತರಿ, ನಡುವೆ ಕಿವಿಯ ಅಥವಾ ಪಕ್ಕೆಲುಬಿನ ಮೃದ್ವಸ್ಥಿ, ಹೊರಗೆ ಹಣೆಯ ಚರ್ಮ ಎಂಬ ಮೂರು ಪದರಗಳು ಅದರಲ್ಲಿರುತ್ತವೆ. ಕಾಚಿನ ಬದಲು ಸಣ್ಣ ದಾರ, ಮೇಣದ ಬದಲು ತೆಳು ಹಾಳೆಯ ಅಚ್ಚು. ಕಣ್ಣುಗಳ ನಡುವಿನ ಪಟ್ಟಿಯನ್ನು ಕತ್ತರಿಸುವುದು ಸಾಮಾನ್ಯವಾಗಿ ಮೂರನೆಯ ವಾರದ ಬಳಿಕ. ಪುಣೆಯ ವೈದ್ಯನು ಅನುಸರಿಸಿದ 25ನೆಯ ದಿನಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಕವಾಸ್‌ಜಿಯ ಚಿತ್ರದ ಅಚ್ಚುಪ್ರತಿಯೊಂದು ಲಂಡನ್ನಿನ ವೆಲ್‌ಕಮ್ ಸಂಗ್ರಹದಲ್ಲಿದೆ.